ಗುರಾಣಿಯನ್ನು ನಂಬಿದ ಪ್ರಧಾನಿ

ಭಾರತೀಯರಾದ ನಮಗೆ ಸೋವಿಯತ್ ಪ್ರಧಾನಿ ಅಲೆಕ್ಸಿ ಕೊಸಿಗಿನ್ ಅವರ ಹೆಸರು ತಾಷ್ಕೆಂಟಿನೊಡನೆ ಬೆಸೆದುಕೊಂಡಿದೆ. 1966ರ ಜನವರಿ 10ರಂದು ಶಾಸ್ತ್ರಿಗಳೂ ಪಾಕಿಸ್ತಾನದ ಅಯೂಬ್ ಖಾನರೂ ಅಲ್ಲಿ ಒಪ್ಪಂದಕ್ಕೆ ಸಹಿ ಹಾಕಿದಾಗ ನಡುವೆ ನಿಂತು ಸಂಧಾನ ನಡೆಸಿದವರು ಅವರು. ಅದೇ ರಾತ್ರಿ ಅಗಲಿದ ಶಾಸ್ತ್ರಿಗಳ ಶವಪೆಟ್ಟಿಗೆಗೆ ಮರುದಿನ ಹೆಗಲು ಕೊಟ್ಟವರಲ್ಲಿಯೂ ಒಬ್ಬರು. ಅಂತಹ ಶಾಂತಸ್ವಭಾವದ ಸಂಧಾನಕಾರರು ಮರುವರ್ಷವೇ ಒಂದು ಮಾತುಕತೆಯಲ್ಲಿ ಸಿಟ್ಟಿನಿಂದ ಮುಖ ಕೆಂಪೇರಿಸಿಕೊಂಡು ಮೇಜು ಕುಟ್ಟಿದರೆಂದು ಓದಿದಾಗ ನಾನು ಬೆರಗಾದೆ. ಕಾರಣವನ್ನು ಅರಸಿ ಅವರ ಬಾಳನ್ನು ಹಿಂದಿನಿಂದ ನೋಡಬೇಕಾಯಿತು.

ಅವರು 1904ರಲ್ಲಿ ಸೇಂಟ್ ಪೀಟರ್ಸ್‌ಬರ್ಗಿನ ಕಾರ್ಮಿಕ ಕುಟುಂಬವೊಂದರಲ್ಲಿ ಜನಿಸಿದರು. ಹದಿಹರೆಯದಲ್ಲೇ ಕೆಂಪು ಸೇನೆ ಸೇರಿದರು. ಬಳಿಕ ಜವಳಿ ವಿದ್ಯೆ ಕಲಿತು ನೂಲಿನ ಗಿರಣಿಯೊಂದರ ನಿರ್ದೇಶಕರಾದರು. ಮಹಾಯುದ್ಧದಲ್ಲಿ ಜರ್ಮನರು ಅವರ ಹುಟ್ಟೂರನ್ನು, ಆಗಿನ ಲೆನಿನ್‌ಗ್ರಾಡನ್ನು, ಮುತ್ತಿದರು. 1942ರ ಮೊದಲ ತಿಂಗಳುಗಳಲ್ಲಿ, ಹೆಪ್ಪುಗಟ್ಟಿದ ಲಡೋಗಾ ಸರೋವರದ ಮೇಲೆ ಹಾದ ದಾರಿಯಿಂದ ಲಕ್ಷಾಂತರ ಜನರನ್ನು ಪಾರುಮಾಡುವ ಹೊಣೆ ಕೊಸಿಗಿನ್ ಅವರ ಪಾಲಿಗೆ ಬಂತು. ಮೇಲೆ ಬಾಂಬಿನ ಮಳೆ, ಕೆಳಗೆ ಹಸಿವಿನಿಂದ ಸತ್ತವರ ಸಾಲು. ಅಂತಹ ನಗರವನ್ನು ಕಂಡವರಿಗೆ ಗುರಾಣಿಯೆಂಬುದು ವಾದದ ವಿಷಯವಾಗಿರಲಾರದು.

1964ರಲ್ಲಿ ಅವರು ಪ್ರಧಾನಿಯಾದರು. ಆ ದಶಕದಲ್ಲಿ ಮಾಸ್ಕೋದ ಸುತ್ತ ಶತ್ರು ಕ್ಷಿಪಣಿಗಳನ್ನು ಆಗಸದಲ್ಲೇ ಹೊಡೆದುರುಳಿಸುವ ವ್ಯವಸ್ಥೆ ಸಿದ್ಧವಾಗುತ್ತಿತ್ತು. 1967ರ ಜೂನ್ ತಿಂಗಳಲ್ಲಿ ಅಮೆರಿಕದ ನ್ಯೂಜೆರ್ಸಿಯ ಗ್ಲಾಸ್‌ಬರೋ ಎಂಬ ಸಣ್ಣ ಊರಿನಲ್ಲಿ ಅವರು ಅಧ್ಯಕ್ಷ ಜಾನ್ಸನ್ನರನ್ನು ಭೇಟಿಯಾದರು. ರಕ್ಷಣಾ ಸಚಿವ ಮೆಕ್ನಮಾರ ತಮ್ಮ ವಾದವನ್ನು ಮುಂದಿಟ್ಟರು: ಒಬ್ಬರು ಗುರಾಣಿ ಕಟ್ಟಿದರೆ, ಅದನ್ನು ಭೇದಿಸಲು ಇನ್ನೊಬ್ಬರು ಮತ್ತಷ್ಟು ಕ್ಷಿಪಣಿಗಳನ್ನು ಮಾಡುವರು, ಕೊನೆಗೆ ಇಬ್ಬರಿಗೂ ಭಯವೇ ಹೆಚ್ಚುವುದು. ಕೊಸಿಗಿನ್ ಸಿಡಿದದ್ದು ಆಗಲೇ. ರಕ್ಷಣೆಯು ಧರ್ಮ, ಆಕ್ರಮಣವೇ ಅಧರ್ಮ ಎಂಬುದು ಅವರ ಉತ್ತರದ ಸಾರ.

ಈ ಪ್ರಸಂಗವನ್ನು ತರಗತಿಯಲ್ಲಿ ಹೇಳಿದಾಗ ವಿದ್ಯಾರ್ಥಿಯೊಬ್ಬ ಕೊಸಿಗಿನ್ ಅವರ ಪಕ್ಷ ವಹಿಸಿದ. ಅಂದು ನಮ್ಮ ಪಾಠ ಪಂಪಭಾರತದ ಕರ್ಣ. ಅವನ ಸಹಜ ಕವಚವನ್ನು ಕಂಡು ಶತ್ರುಪಕ್ಷ ಯುದ್ಧವನ್ನು ಕೈಬಿಡಲಿಲ್ಲ. ಇಂದ್ರನು ವಿಪ್ರವೇಷದಲ್ಲಿ ಬಂದು ಬೇಡಿದ. ಕವಚವು ಕರ್ಣನಿಗೆ ಅಭಯವಾದಷ್ಟೇ ಎದುರಾಳಿಗೆ ಉಪಾಯದ ಪ್ರೇರಣೆಯೂ ಆಯಿತು ಎಂದೆ. ಕ್ಷಿಪಣಿಯ ವಿಚಾರದಲ್ಲಿಯೂ ನಡೆದದ್ದು ಇದೇ. ಗಾಳಿಯಿಲ್ಲದ ಅಂತರಿಕ್ಷದಲ್ಲಿ ಹಗುರವಾದ ಬಲೂನೂ ಭಾರವಾದ ಸಿಡಿತಲೆಯೂ ಒಂದೇ ವೇಗದಲ್ಲಿ ಸಾಗುತ್ತವೆ. ನಿಜವಾವುದು, ಸೋಗು ಯಾವುದು ಎಂದು ಕಾವಲಿನ ಯಂತ್ರಕ್ಕೆ ಗುರುತಿಸುವುದು ಕಷ್ಟ. 1970ರಲ್ಲಿ ಅಮೆರಿಕವು ಒಂದೇ ಕ್ಷಿಪಣಿಗೆ ಮೂರು ಸಿಡಿತಲೆಗಳನ್ನು ಹೂಡಿ ನಿಲ್ಲಿಸಿತು.

ಕೊಸಿಗಿನ್ ಅವರ ಸರಕಾರವೂ ಕ್ರಮೇಣ ಈ ಲೆಕ್ಕವನ್ನು ಒಪ್ಪಿತು. 1972ರ ಮೇ 26ರಂದು ಮಾಸ್ಕೋದಲ್ಲಿ ಬ್ರೆಜ್ನೇವ್ ಮತ್ತು ನಿಕ್ಸನ್ ಸಹಿ ಹಾಕಿದ ಒಪ್ಪಂದವು ಗುರಾಣಿಗಳನ್ನು ಎರಡೆರಡು ನೆಲೆಗಳಿಗೆ ಮಿತಿಗೊಳಿಸಿತು. 1974ರಲ್ಲಿ ಅದು ಒಂದೊಂದಕ್ಕಿಳಿಯಿತು. 1980ರ ಡಿಸೆಂಬರ್‌ನಲ್ಲಿ ಕೊಸಿಗಿನ್ ಕಣ್ಮುಚ್ಚಿದಾಗ ಆ ಒಪ್ಪಂದ ಜೀವಂತವಾಗಿತ್ತು. 2002ರ ಜೂನ್‌ನಲ್ಲಿ ಅಮೆರಿಕವು ಅದರಿಂದ ಹೊರಬಂತು. ಮರುದಿನವೇ ರಷ್ಯವು ಬಹುತಲೆಯ ನೆಲಕ್ಷಿಪಣಿಗಳನ್ನು ನಿಷೇಧಿಸಬೇಕಿದ್ದ ಮತ್ತೊಂದು ಒಪ್ಪಂದಕ್ಕೆ ತಾನು ಬದ್ಧವಲ್ಲವೆಂದು ಸಾರಿತು. ಗುರಾಣಿಯ ಬೆಲೆಯನ್ನು ಹಣದಲ್ಲಿ ಮಾತ್ರ ಎಣಿಸಲಾಗದು.

ಆದರೂ ಕೊಸಿಗಿನ್ ಅವರನ್ನು ತಪ್ಪಿತಸ್ಥರೆನ್ನಲು ನನ್ನ ಮನಸ್ಸು ಒಪ್ಪದು. ಮುತ್ತಿಗೆಯ ನಗರದ ನೋವೇ ಅಂದು ಅವರ ಬಾಯಿಂದ ಮಾತಾಡಿತು. ನನ್ನ ವಿಷಾದ ಬೇರೆ. ತಾಷ್ಕೆಂಟಿನಲ್ಲಿ ಇದೇ ಕೊಸಿಗಿನ್ ಎರಡು ಸೇನೆಗಳೂ 1965ರ ಆಗಸ್ಟ್ 5ರ ಸ್ಥಾನಗಳಿಗೆ ಹಿಂದಿರುಗುವಂತೆ ಒಪ್ಪಿಸಿದ್ದರು. ಅಂದು ಎರಡು ದೇಶಗಳಿಗೆ ಅಭಯ ನೀಡಿದ್ದು ಗುರಾಣಿಯಲ್ಲ, ಇಬ್ಬರೂ ಇಟ್ಟ ಒಂದೊಂದು ಹಿಂದಡಿ. ಗ್ಲಾಸ್‌ಬರೋದ ಪ್ರಶ್ನೆಗೆ ಉತ್ತರ ಅವರ ಕೈಯಲ್ಲಿಯೇ ಇತ್ತು.