ಚಿಕ್ಕದು ಹಾರಿತು, ದೊಡ್ಡದು ಬಿತ್ತು

ವಿಮಾನವನ್ನು ಕಂಡುಹಿಡಿದವರು ಯಾರು ಎಂದು ಕೇಳಿದರೆ ಪ್ರೈಮರಿ ಶಾಲೆಯ ಮಕ್ಕಳೂ ರೈಟ್ ಸಹೋದರರು ಎಂದು ಹೇಳುತ್ತಾರೆ. ಆ ಉತ್ತರ ಸರಿಯೇ. ಆದರೆ ರೈಟ್ ಸಹೋದರರ ವಿಮಾನ ನೆಲ ಬಿಡುವುದಕ್ಕೆ ಏಳು ವರ್ಷ ಮೊದಲೇ, ಒಳಗೆ ಯಾರೂ ಕೂರದ ಒಂದು ಪುಟ್ಟ ವಿಮಾನ ಅಮೆರಿಕದ ಒಂದು ನದಿಯ ಮೇಲೆ ಸುಮಾರು ಒಂದು ಕಿಲೋಮೀಟರ್ ದೂರ ಹಾರಿತ್ತು. ಇಂದು ಎನ್‌ಸಿಸಿ ಏರ್ ವಿಂಗ್‌ನ ಕೆಡೆಟ್‌ಗಳು ಮಾದರಿ ವಿಮಾನಗಳನ್ನು ಮಾಡಿ ಹಾರಿಸುತ್ತಾರಲ್ಲ, ಆ ವಿದ್ಯೆಯ ಹಿರಿಯರಲ್ಲಿ ಒಬ್ಬರು ಆ ಪುಟ್ಟ ವಿಮಾನವನ್ನು ಮಾಡಿದ್ದರು. ಅವರೇ ಸ್ಯಾಮ್ಯುಯೆಲ್ ಪಿಯರ್‌ಪಾಂಟ್ ಲ್ಯಾಂಗ್ಲಿ.

ಲ್ಯಾಂಗ್ಲಿಯವರು 1834ರ ಆಗಸ್ಟ್ 22ರಂದು ಬೋಸ್ಟನ್ ನಗರದ ಹತ್ತಿರ ರಾಕ್ಸ್‌ಬರಿ ಎಂಬಲ್ಲಿ ಹುಟ್ಟಿದರು. ಹೈಸ್ಕೂಲಿನ ನಂತರ ಅವರು ಯಾವ ಕಾಲೇಜಿಗೂ ಹೋಗಲಿಲ್ಲ. ಕೆಲವು ವರ್ಷ ಕಟ್ಟಡಗಳ ನಕ್ಷೆ ಬರೆಯುವ ಕೆಲಸ ಮಾಡಿದರು. ಆದರೆ ಮನಸ್ಸು ಆಕಾಶದ ಮೇಲೆ ಇತ್ತು. ತಮ್ಮನ ಜೊತೆ ಸೇರಿ ಸ್ವಂತ ಕೈಯಿಂದ ದೂರದರ್ಶಕ ಕಟ್ಟಿದರು. ಪುಸ್ತಕಗಳಿಂದ ಖಗೋಳಶಾಸ್ತ್ರ ಕಲಿತರು. ಹೀಗೆ ಕಲಿತವರು 1867ರಲ್ಲಿ ಪಿಟ್ಸ್‌ಬರ್ಗ್ ಹತ್ತಿರದ ಅಲೆಗೆನಿ ವೀಕ್ಷಣಾಲಯದ ನಿರ್ದೇಶಕರಾದರು. ಪದವಿ ಇಲ್ಲದಿದ್ದರೂ ಪ್ರೊಫೆಸರ್ ಆದರು.

ನಾನು ಕಾಮರ್ಸ್ ವಿದ್ಯಾರ್ಥಿ. ಅವರ ಜೀವನದಲ್ಲಿ ನನಗೆ ಮೊದಲು ಹಿಡಿಸಿದ ಸಂಗತಿ ವಿಮಾನವಲ್ಲ, ಇಲ್ಲಿ ಅವರು ಮಾಡಿದ ವ್ಯಾಪಾರ. ವೀಕ್ಷಣಾಲಯದಲ್ಲಿ ಹಣವೇ ಇರಲಿಲ್ಲ. ಆ ಕಾಲದಲ್ಲಿ ಊರಿಗೊಂದು ಗಡಿಯಾರದ ಸಮಯ ಇತ್ತು. ರೈಲ್ವೆಯವರಿಗೆ ಇದರಿಂದ ಬಹಳ ತೊಂದರೆ. ಲ್ಯಾಂಗ್ಲಿಯವರು ನಕ್ಷತ್ರಗಳನ್ನು ನೋಡಿ ನಿಖರವಾದ ಸಮಯ ಲೆಕ್ಕ ಹಾಕಿ, ಅದನ್ನು ಟೆಲಿಗ್ರಾಫ್ ತಂತಿಯಲ್ಲಿ ರೈಲ್ವೆ ಕಂಪನಿಗೆ ಕಳಿಸತೊಡಗಿದರು. ಅದಕ್ಕೆ ಶುಲ್ಕ ಪಡೆದರು. ಅಂದರೆ ಅವರು ಸಮಯವನ್ನೇ ಮಾರಿದರು! ಆ ಹಣದಿಂದ ವೀಕ್ಷಣಾಲಯ ನಡೆಯಿತು, ಸಂಶೋಧನೆಯೂ ನಡೆಯಿತು.

ಆ ಸಂಶೋಧನೆಯ ಫಲವೇ ಬೋಲೋಮೀಟರ್. ಸುಮಾರು 1880ರ ಹೊತ್ತಿಗೆ ಅವರು ಮಾಡಿದ ಈ ಉಪಕರಣ ಶಾಖದಲ್ಲಿ ಅತಿ ಚಿಕ್ಕ ವ್ಯತ್ಯಾಸವನ್ನೂ ಹಿಡಿಯುತ್ತಿತ್ತು. ಇದರಿಂದ ಸೂರ್ಯನ ಮತ್ತು ಚಂದ್ರನ ಶಾಖವನ್ನು ಅಳೆದರು. ಅವರ ಅಳತೆಗಳನ್ನು ಬಳಸಿಕೊಂಡು ಸ್ವೀಡನ್ನಿನ ವಿಜ್ಞಾನಿ ಅರೇನಿಯಸ್ 1896ರಲ್ಲಿ ಗಾಳಿಯ ಇಂಗಾಲದ ಡೈ ಆಕ್ಸೈಡ್ ಹೆಚ್ಚಾದರೆ ಭೂಮಿ ಎಷ್ಟು ಬಿಸಿಯಾಗುತ್ತದೆ ಎಂದು ಲೆಕ್ಕ ಹಾಕಿದರು. 1887ರಲ್ಲಿ ಲ್ಯಾಂಗ್ಲಿಯವರು ವಾಷಿಂಗ್ಟನ್‌ನ ಸ್ಮಿತ್ಸೋನಿಯನ್ ಸಂಸ್ಥೆಯ ಮುಖ್ಯಸ್ಥರಾದರು. ಅಮೆರಿಕದ ವಿಜ್ಞಾನ ಲೋಕದಲ್ಲಿ ಅದಕ್ಕಿಂತ ದೊಡ್ಡ ಕುರ್ಚಿ ಇಲ್ಲ ಎನ್ನಬಹುದಾಗಿತ್ತು. ಇಷ್ಟಕ್ಕೇ ನಿಂತಿದ್ದರೆ ಅವರ ಹೆಸರು ಯಾವ ಕಳಂಕವೂ ಇಲ್ಲದೆ ಉಳಿಯುತ್ತಿತ್ತು.

ಆದರೆ ಐವತ್ತು ದಾಟಿದ ಮೇಲೆ ಅವರಿಗೆ ಹಾರಾಟದ ಹುಚ್ಚು ಹಿಡಿಯಿತು. ಆಗ ಹಾರುವ ಯಂತ್ರದ ಮಾತೆತ್ತಿದರೆ ಜನ ನಗುತ್ತಿದ್ದರು. ದೊಡ್ಡ ವಿಜ್ಞಾನಿಗಳು ಆ ವಿಷಯದ ಹತ್ತಿರ ಹೋಗಲು ನಾಚುತ್ತಿದ್ದರು. ಲ್ಯಾಂಗ್ಲಿಯವರು ನಾಚಲಿಲ್ಲ. ಅಲೆಗೆನಿಯಲ್ಲಿ ಮೂವತ್ತು ಅಡಿ ಉದ್ದದ ತೋಳನ್ನು ಗಾಣದಂತೆ ಗಿರಗಿರನೆ ತಿರುಗಿಸುವ ಯಂತ್ರ ಕಟ್ಟಿಸಿದರು. ಅದರ ತುದಿಗೆ ಹಿತ್ತಾಳೆಯ ತಟ್ಟೆಗಳನ್ನೂ ಹುಲ್ಲು ತುಂಬಿದ ಸತ್ತ ಪಕ್ಷಿಗಳನ್ನೂ ಕಟ್ಟಿ, ಗಾಳಿ ಅವನ್ನು ಎಷ್ಟು ಎತ್ತುತ್ತದೆ ಎಂದು ಅಳೆದರು. 1891ರಲ್ಲಿ ಇದರ ಫಲಿತಾಂಶವನ್ನು ಪುಸ್ತಕವಾಗಿ ಪ್ರಕಟಿಸಿದರು.

ಅದರ ಜೊತೆಯಲ್ಲೇ ಮಾದರಿಗಳ ಕೆಲಸವೂ ನಡೆಯಿತು. ಮೊದಲು ರಬ್ಬರನ್ನು ತಿರುಚಿ ಬಿಟ್ಟರೆ ಹಾರುವ ಮೂವತ್ತಕ್ಕೂ ಹೆಚ್ಚು ಮಾದರಿಗಳು. ಅವು ಕೆಲವೇ ಸೆಕೆಂಡು ಹಾರಿ ಬೀಳುತ್ತಿದ್ದವು. ಆಮೇಲೆ ಉಗಿ ಎಂಜಿನ್ನಿನ ಮಾದರಿಗಳು. ಇವಕ್ಕೆ ಅವರು ಏರೋಡ್ರೋಮ್ ಎಂದು ಹೆಸರಿಟ್ಟರು. ಗ್ರೀಕ್ ಮೂಲದ ಈ ಮಾತನ್ನು ಗಾಳಿಯಲ್ಲಿ ಓಡುವುದು ಎಂಬ ಅರ್ಥದಲ್ಲಿ ಅವರು ಬಳಸಿದರು. ನಾವು ಈಗ ವಿಮಾನ ಇಳಿಯುವ ಮೈದಾನಕ್ಕೆ ಈ ಮಾತನ್ನು ಹೇಳುತ್ತೇವೆ, ಬೆಂಗಳೂರಿನ ಜಕ್ಕೂರು ಏರೋಡ್ರೋಮ್ ಇದೆಯಲ್ಲ ಹಾಗೆ. ಲ್ಯಾಂಗ್ಲಿಯವರಿಗೆ ಅದು ವಿಮಾನದ ಹೆಸರೇ ಆಗಿತ್ತು.

ಮಾದರಿಗಳನ್ನು ಹಾರಿಸಲು ಅವರು ಆರಿಸಿಕೊಂಡ ಜಾಗ ಪೊಟೋಮ್ಯಾಕ್ ನದಿ. ಇದರಲ್ಲಿ ಒಂದು ಜಾಣತನ ಇತ್ತು. ನೆಲಕ್ಕೆ ಬಿದ್ದರೆ ಮಾದರಿ ಪುಡಿಯಾಗುತ್ತದೆ, ನೀರಿಗೆ ಬಿದ್ದರೆ ಅಷ್ಟು ಹಾನಿ ಆಗುವುದಿಲ್ಲ. ಮುಳುಗಿ ಕಳೆದುಹೋಗದಂತೆ ಅದಕ್ಕೆ ಟೊಳ್ಳಾದ ಒಂದು ಡಬ್ಬಿಯನ್ನೂ ಕಟ್ಟಿದ್ದರು. ಒಂದು ದೋಣಿಮನೆಯ ಚಾವಣಿಯ ಮೇಲೆ ಸ್ಪ್ರಿಂಗ್‌ನಿಂದ ತಳ್ಳುವ ಸಾಧನ ಇತ್ತು. ಗಾಳಿ ಯಾವ ಕಡೆಯಿಂದ ಬಂದರೂ ಅದಕ್ಕೆ ಎದುರಾಗಿ ಮಾದರಿಯನ್ನು ಬಿಡಬಹುದಾಗಿತ್ತು. ಇಂದಿನ ಮಾದರಿ ಜಲವಿಮಾನಗಳು ನೀರಿನ ಮೇಲಿಂದಲೇ ಏಳುತ್ತವೆ. ಲ್ಯಾಂಗ್ಲಿಯವರವು ಹಾಗೆ ಏಳುತ್ತಿರಲಿಲ್ಲ, ಇಳಿಯಲು ಮಾತ್ರ ನೀರು.

ಇನ್ನೊಂದು ದೊಡ್ಡ ವ್ಯತ್ಯಾಸವಿದೆ. ಈಗ ಹಾರಿಸುವವರ ಕೈಯಲ್ಲಿ ರಿಮೋಟ್ ಇರುತ್ತದೆ. ರೆಕ್ಕೆ ಒಂದು ಕಡೆ ವಾಲಿದರೆ ಬೆರಳಿನಿಂದ ಸರಿಮಾಡಬಹುದು. ನಿಕೋಲಾ ಟೆಸ್ಲಾ ಅವರು ರೇಡಿಯೋದಿಂದ ನಡೆಯುವ ಪುಟ್ಟ ದೋಣಿಯನ್ನು ಜನರಿಗೆ ತೋರಿಸಿದ್ದೇ 1898ರಲ್ಲಿ. ಲ್ಯಾಂಗ್ಲಿಯವರ ಮಾದರಿ ಒಮ್ಮೆ ದೋಣಿ ಬಿಟ್ಟರೆ ಮುಗಿಯಿತು, ಅದಕ್ಕೆ ಯಾರೂ ಏನೂ ಹೇಳುವ ಹಾಗಿರಲಿಲ್ಲ. ಆದ್ದರಿಂದ ತಾನಾಗಿಯೇ ಸಮತೋಲನ ಮಾಡಿಕೊಳ್ಳುವಂತೆ ಅದನ್ನು ಕಟ್ಟಬೇಕಿತ್ತು. ಹಿಂದೆ ಮುಂದೆ ಎರಡು ಜೊತೆ ರೆಕ್ಕೆ, ರೆಕ್ಕೆಯ ತುದಿಗಳು ಸ್ವಲ್ಪ ಮೇಲಕ್ಕೆ, ಹಿಂದೆ ಒಂದು ಬಾಲ. ರೆಕ್ಕೆಗೆ ರೇಷ್ಮೆ ಬಟ್ಟೆ. 1893ರಿಂದ ಎಷ್ಟೋ ಬಾರಿ ನದಿಗೆ ಹೋದರು, ಎಷ್ಟೋ ಬಾರಿ ಸೋತು ಬಂದರು. ಒಮ್ಮೆ ಗಾಳಿ ಜೋರು, ಒಮ್ಮೆ ರೆಕ್ಕೆ ತಿರುಚಿತು, ಒಮ್ಮೆ ತಳ್ಳುವ ಸಾಧನ ಕೆಲಸ ಮಾಡಲಿಲ್ಲ. ಪ್ರತಿ ಸಲವೂ ವರ್ಕ್‌ಶಾಪಿಗೆ ಮರಳಿ ತಿದ್ದಿದರು.

1896ರ ಮೇ 6ರಂದು ಕ್ವಾಂಟಿಕೋ ಎಂಬ ಊರಿನ ಹತ್ತಿರ ಮೊದಲು 6ನೇ ನಂಬರಿನ ಮಾದರಿಯನ್ನು ಬಿಟ್ಟರು, ಅದು ಬಿತ್ತು. ಮಧ್ಯಾಹ್ನ 3 ಗಂಟೆಯ ನಂತರ 5ನೇ ನಂಬರಿನದನ್ನು ಬಿಟ್ಟರು. ಅದರ ತೂಕ ಸುಮಾರು 11 ಕೆಜಿ, ರೆಕ್ಕೆಯ ಉದ್ದ 4 ಮೀಟರಿಗೆ ಸ್ವಲ್ಪ ಹೆಚ್ಚು. ಅದು ನಿಧಾನವಾಗಿ ಸುತ್ತು ಹಾಕುತ್ತಾ ಮೇಲೇರಿ ಸುಮಾರು 1,000 ಮೀಟರ್ ಹಾರಿತು. ಬಾಯ್ಲರಿನ ಉಗಿ ಮುಗಿದಾಗ ಮೆಲ್ಲಗೆ ನೀರಿನ ಮೇಲೆ ಇಳಿಯಿತು. ಒರೆಸಿ ಮತ್ತೆ ಬಿಟ್ಟರು, ಇನ್ನೊಮ್ಮೆ 700 ಮೀಟರ್ ಹಾರಿತು. ಟೆಲಿಫೋನ್ ಕಂಡುಹಿಡಿದ ಅಲೆಕ್ಸಾಂಡರ್ ಗ್ರಹಾಂ ಬೆಲ್ ಅವರು ಅಲ್ಲೇ ನಿಂತು ಫೋಟೋ ತೆಗೆದರು. ಎಂಜಿನ್ ಇರುವ, ಗಾಳಿಗಿಂತ ಭಾರವಾದ ಇಷ್ಟು ದೊಡ್ಡ ಯಂತ್ರ ಇಷ್ಟು ದೂರ ಹಾರಿದ್ದು ಅದೇ ಮೊದಲು. ನವೆಂಬರಿನಲ್ಲಿ 6ನೇ ನಂಬರಿನದೂ ಗೆದ್ದಿತು, ಸುಮಾರು 1,460 ಮೀಟರ್ ಹಾರಿತು.

ತಮ್ಮ ಪಾಲಿನ ಕೆಲಸ ಮುಗಿಯಿತು, ಮುಂದಿನದನ್ನು ಬೇರೆಯವರು ಮಾಡಲಿ ಎಂದು ಲ್ಯಾಂಗ್ಲಿಯವರು ಆಗ ಬರೆದರು. ಅಲ್ಲಿಗೇ ಬಿಟ್ಟಿದ್ದರೆ ಚೆನ್ನಾಗಿತ್ತು. ಆದರೆ 1898ರಲ್ಲಿ ಅಮೆರಿಕ ಸ್ಪೇನ್ ದೇಶದ ಜೊತೆ ಯುದ್ಧಕ್ಕೆ ಇಳಿಯಿತು. ಮನುಷ್ಯನನ್ನು ಹೊರುವ ವಿಮಾನ ಮಾಡಿಕೊಡಿ ಎಂದು ಸೈನ್ಯದ ಇಲಾಖೆ 50,000 ಡಾಲರ್ ಕೊಟ್ಟಿತು. ಸಂಸ್ಥೆಯಿಂದ ಇನ್ನೂ ಸುಮಾರು 20,000 ಡಾಲರ್ ಸೇರಿತು.

ಲ್ಯಾಂಗ್ಲಿಯವರ ಯೋಜನೆ ಸರಳವಾಗಿತ್ತು. ಗೆದ್ದ ಮಾದರಿಯನ್ನೇ ದೊಡ್ಡದು ಮಾಡುವುದು. ಇಲ್ಲೇ ಒಂದು ಹಿಸಾಬು ಅಡ್ಡ ಬಂತು. ಒಂದು ಅಡಿ ಉದ್ದ, ಒಂದು ಅಡಿ ಅಗಲ, ಒಂದು ಅಡಿ ಎತ್ತರದ ಪೆಟ್ಟಿಗೆ ತೆಗೆದುಕೊಳ್ಳಿ. ಎಲ್ಲವನ್ನೂ ಎರಡು ಅಡಿ ಮಾಡಿ. ಪೆಟ್ಟಿಗೆಯ ಒಂದು ಮುಖದ ವಿಸ್ತೀರ್ಣ ನಾಲ್ಕು ಪಟ್ಟಾಗುತ್ತದೆ, ಆದರೆ ಒಳಗೆ ತುಂಬುವ ಸಾಮಾನು ಎಂಟು ಪಟ್ಟು. ವಿಮಾನದಲ್ಲೂ ಹಾಗೆಯೇ. ಎತ್ತಿ ಹಿಡಿಯುವುದು ರೆಕ್ಕೆಯ ವಿಸ್ತೀರ್ಣ, ಕೆಳಗೆ ಎಳೆಯುವುದು ತೂಕ. ಅಳತೆ ಹೆಚ್ಚಿದಂತೆ ತೂಕವೇ ಬೇಗ ಬೇಗ ಬೆಳೆಯುತ್ತದೆ. ತೂಕ ತಗ್ಗಿಸಲು ಕಡ್ಡಿ, ಕೊಳವೆಗಳನ್ನು ತೆಳ್ಳಗೆ ಮಾಡಿದರೆ ಬಲ ಸಾಲದು. ಕಿರಾಣಿ ಅಂಗಡಿಯನ್ನು ಹತ್ತು ಪಟ್ಟು ದೊಡ್ಡದು ಮಾಡಿದರೆ ಅದು ತಾನಾಗಿ ಸೂಪರ್ ಮಾರ್ಕೆಟ್ ಆಗುವುದಿಲ್ಲ, ಅದಕ್ಕೆ ಬೇರೆಯದೇ ವ್ಯವಸ್ಥೆ ಬೇಕು ಎಂದು ನಾನು ಇದನ್ನು ಅರ್ಥ ಮಾಡಿಕೊಂಡೆ.

ಅವರ ಸಹಾಯಕ, ಯುವ ಎಂಜಿನಿಯರ್ ಚಾರ್ಲ್ಸ್ ಮ್ಯಾನ್ಲಿ, 52 ಅಶ್ವಶಕ್ತಿಯ ಅದ್ಭುತವಾದ ಪೆಟ್ರೋಲ್ ಎಂಜಿನ್ ಸಿದ್ಧ ಮಾಡಿದರು. ದೊಡ್ಡ ವಿಮಾನದ ಕಾಲು ಅಳತೆಯ ಮಾದರಿಯನ್ನು 1903ರ ಆಗಸ್ಟಿನಲ್ಲಿ ಬಿಟ್ಟಾಗ ಅದೂ ಹಾರಿತು. ಎಲ್ಲರಿಗೂ ಧೈರ್ಯ ಬಂತು. ಅಕ್ಟೋಬರ್ 7ರಂದು ದೊಡ್ಡದರಲ್ಲಿ ಮ್ಯಾನ್ಲಿ ಕೂತರು. ಅವರು ಅದುವರೆಗೆ ಗಾಳಿಯಲ್ಲಿ ಒಂದು ದಿನವೂ ಅಭ್ಯಾಸ ಮಾಡಿದವರಲ್ಲ. ವಿಮಾನ ದೋಣಿಯ ಅಂಚು ಬಿಟ್ಟಿತು, ನೇರವಾಗಿ ನದಿಗೆ ಬಿತ್ತು. ಡಿಸೆಂಬರ್ 8ರಂದು ಮತ್ತೆ ಪ್ರಯತ್ನಿಸಿದರು. ಈ ಸಲ ರೆಕ್ಕೆಗಳೇ ಮುರಿದು, ವಿಮಾನ ಮಗುಚಿ ಬಿತ್ತು. ಮಂಜುಗಡ್ಡೆ ತೇಲುತ್ತಿದ್ದ ನೀರಿನ ಒಳಗೆ ಸಿಕ್ಕಿಕೊಂಡ ಮ್ಯಾನ್ಲಿ ಹೇಗೋ ಜೀವ ಉಳಿಸಿಕೊಂಡು ಹೊರಗೆ ಬಂದರು. ತಳ್ಳುವ ಸಾಧನದಲ್ಲೇ ದೋಷ ಎಂದು ಲ್ಯಾಂಗ್ಲಿಯವರು ನಂಬಿದ್ದರು. ವಿಮಾನದ ಚೌಕಟ್ಟಿಗೇ ಬಲ ಇರಲಿಲ್ಲ ಎಂದು ನಂತರದ ಅನೇಕ ಎಂಜಿನಿಯರುಗಳು ಹೇಳಿದ್ದಾರೆ.

ಒಂಬತ್ತೇ ದಿನಗಳ ನಂತರ, ಡಿಸೆಂಬರ್ 17ರಂದು, ಸೈಕಲ್ ಅಂಗಡಿಯ ರೈಟ್ ಸಹೋದರರು ಹಾರಿದರು. ಅವರ ಖರ್ಚು 1,000 ಡಾಲರಿಗೂ ಕಡಿಮೆ, ಎಂಜಿನ್ ಕೇವಲ 12 ಅಶ್ವಶಕ್ತಿ. ಆದರೆ ಅವರು ಮೂರು ವರ್ಷ ಗ್ಲೈಡರಿನಲ್ಲಿ ಮಲಗಿ, ಮರಳಿನ ದಿಬ್ಬಗಳ ಮೇಲೆ ಬಿದ್ದು ಎದ್ದು, ಹಾರುವುದನ್ನು ಕಲಿತಿದ್ದರು. ಲ್ಯಾಂಗ್ಲಿಯವರಿಗೆ ವಿಮಾನ ತಾನಾಗಿ ನೆಟ್ಟಗೆ ಹೋಗುವ ವಸ್ತು. ರೈಟ್ ಸಹೋದರರಿಗೆ ಅದು ಸೈಕಲ್ಲಿನಂತೆ, ಸವಾರ ಕ್ಷಣ ಕ್ಷಣವೂ ಸರಿಮಾಡಿಕೊಳ್ಳಬೇಕಾದ ವಸ್ತು. ಮನುಷ್ಯನಿಲ್ಲದ ಮಾದರಿ ಈ ಒಂದು ಪಾಠವನ್ನು ಲ್ಯಾಂಗ್ಲಿಯವರಿಗೆ ಕಲಿಸಲು ಸಾಧ್ಯವೇ ಇರಲಿಲ್ಲ.

ಪತ್ರಿಕೆಗಳು ಲ್ಯಾಂಗ್ಲಿಯವರನ್ನು ಹೀಯಾಳಿಸಿದವು. ಜನರ ತೆರಿಗೆ ಹಣವನ್ನು ನದಿಗೆ ಎಸೆದರು ಎಂಬ ಮಾತು ಬಂತು. 1905ರಲ್ಲಿ ಇನ್ನೊಂದು ಪೆಟ್ಟು. ಸಂಸ್ಥೆಯ ಹಣಕಾಸು ನೋಡಿಕೊಳ್ಳುತ್ತಿದ್ದ ನೌಕರನೊಬ್ಬ ಹಣ ನುಂಗಿದ್ದು ಹೊರಬಿತ್ತು. ಲ್ಯಾಂಗ್ಲಿಯವರು ಆ ಹಣ ಮುಟ್ಟಿದವರಲ್ಲ. ಆದರೂ ಮುಖ್ಯಸ್ಥನಾದ ಮೇಲೆ ಹೊಣೆ ತನ್ನದೇ ಎಂದು, ಅಂದಿನಿಂದ ತಮ್ಮ ಸಂಬಳವನ್ನೇ ತೆಗೆದುಕೊಳ್ಳಲಿಲ್ಲ. ನಮ್ಮ ಪಠ್ಯದಲ್ಲಿ ಲೆಕ್ಕಪರಿಶೋಧನೆ ಎಂಬ ಪಾಠ ಇದೆ. ಹೊಣೆಗಾರಿಕೆ ಎಂಬ ಮಾತಿಗೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಸಿಕ್ಕಿಲ್ಲ. ಆ ವರ್ಷದ ಕೊನೆಗೆ ಅವರಿಗೆ ಪಾರ್ಶ್ವವಾಯು ಬಡಿಯಿತು. 1906ರ ಫೆಬ್ರವರಿ 27ರಂದು, 71ನೇ ವಯಸ್ಸಿನಲ್ಲಿ, ಅವರು ತೀರಿಕೊಂಡರು. ಅವರು ಮದುವೆ ಆಗಿರಲಿಲ್ಲ.

ಸತ್ತ ಮೇಲೂ ಕಥೆ ಮುಗಿಯಲಿಲ್ಲ. 1914ರಲ್ಲಿ ಜಲವಿಮಾನಗಳಿಗೆ ಹೆಸರಾದ ಗ್ಲೆನ್ ಕರ್ಟಿಸ್ ಅವರು ಲ್ಯಾಂಗ್ಲಿಯವರ ಮುರಿದ ವಿಮಾನವನ್ನು ರಿಪೇರಿ ಮಾಡಿ, ಅಡಿಯಲ್ಲಿ ತೇಲುವ ದೋಣಿಗಳನ್ನು ಕಟ್ಟಿ, ನ್ಯೂಯಾರ್ಕ್ ರಾಜ್ಯದ ಕ್ಯೂಕಾ ಸರೋವರದ ಮೇಲಿಂದ ಸ್ವಲ್ಪ ದೂರ ಹಾರಿಸಿದರು. ಇದನ್ನೇ ಹಿಡಿದುಕೊಂಡು, ಹಾರಬಲ್ಲ ಮೊದಲ ವಿಮಾನ ಲ್ಯಾಂಗ್ಲಿಯವರದೇ ಎಂದು ಸ್ಮಿತ್ಸೋನಿಯನ್ ಸಂಸ್ಥೆ ಬೋರ್ಡ್ ಹಾಕಿತು. ಆದರೆ ಕರ್ಟಿಸ್ ಅದರಲ್ಲಿ ಅನೇಕ ಬದಲಾವಣೆಗಳನ್ನು ಮಾಡಿದ್ದರು, ಆ ವಿಷಯವನ್ನು ಸಂಸ್ಥೆ ಮುಚ್ಚಿಟ್ಟಿತು. ಸಿಟ್ಟಾದ ಆರ್ವಿಲ್ ರೈಟ್ 1928ರಲ್ಲಿ ತಮ್ಮ ವಿಮಾನವನ್ನು ಲಂಡನ್ನಿನ ಮ್ಯೂಸಿಯಮ್ಮಿಗೆ ಕಳಿಸಿಬಿಟ್ಟರು. 1942ರಲ್ಲಿ ಸಂಸ್ಥೆ ತನ್ನ ತಪ್ಪನ್ನು ಬರೆದು ಒಪ್ಪಿಕೊಂಡಿತು. ವಿಮಾನ ಅಮೆರಿಕಕ್ಕೆ ಮರಳಿದ್ದು 1948ರಲ್ಲಿ. ಅಷ್ಟರಲ್ಲಿ ಆರ್ವಿಲ್ ಬದುಕಿರಲಿಲ್ಲ. ಲ್ಯಾಂಗ್ಲಿಯವರಿಗೆ ಸಲ್ಲದ ಕೀರ್ತಿ ಕೊಡಲು ಹೋಗಿ, ಅವರಿಗೆ ನಿಜವಾಗಿ ಸಲ್ಲಬೇಕಾದದ್ದೂ ಮಸುಕಾಯಿತು.

ಹಾಗಾದರೆ ಅವರ ಬ್ಯಾಲೆನ್ಸ್ ಶೀಟನ್ನು ಹೇಗೆ ಬರೆಯಬೇಕು? ಒಂದು ಕಡೆ 70,000 ಡಾಲರ್, ಎರಡು ಸಲ ನದಿಗೆ ಬಿದ್ದ ವಿಮಾನ, ಜನರ ನಗೆ. ಇನ್ನೊಂದು ಕಡೆ ಸೂರ್ಯನ ಶಾಖದ ಅಳತೆ, ನದಿಯ ಮೇಲೆ ಹಾರಿದ ಆ ಪುಟ್ಟ ಮಾದರಿಗಳು, ಮತ್ತು ಅಂಚೆಯಲ್ಲಿ ಹೋದ ಒಂದು ಕಟ್ಟು ಕಾಗದ. 1899ರಲ್ಲಿ ವಿಲ್ಬರ್ ರೈಟ್ ಎಂಬ ಅಪರಿಚಿತ ಯುವಕ ಹಾರಾಟದ ಬಗ್ಗೆ ಓದಲು ಏನಾದರೂ ಕಳಿಸಿ ಎಂದು ಸ್ಮಿತ್ಸೋನಿಯನ್ ಸಂಸ್ಥೆಗೆ ಪತ್ರ ಬರೆದಿದ್ದ. ಸಂಸ್ಥೆ ಆ ಪತ್ರವನ್ನು ಮೂಲೆಗೆ ಎಸೆಯದೆ, ಕಿರುಪುಸ್ತಕಗಳನ್ನೂ ಓದಬೇಕಾದ ಪುಸ್ತಕಗಳ ಪಟ್ಟಿಯನ್ನೂ ಕಳಿಸಿತು. ಅವುಗಳಲ್ಲಿ ಲ್ಯಾಂಗ್ಲಿಯವರ ಬರಹವೂ ಇತ್ತು. ಅಷ್ಟು ದೊಡ್ಡ ವಿಜ್ಞಾನಿ ಹಾರಾಟವನ್ನು ನಂಬಿದ್ದಾರೆ ಎಂಬುದೇ ತಮಗೆ ಧೈರ್ಯ ಕೊಟ್ಟಿತು ಎಂದು ರೈಟ್ ಸಹೋದರರು ನಂತರ ಒಪ್ಪಿಕೊಂಡಿದ್ದಾರೆ.

ಅಮೆರಿಕದ ನೌಕಾಪಡೆಯ ಮೊದಲ ವಿಮಾನವಾಹಕ ಹಡಗಿಗೆ 1920ರಲ್ಲಿ ಲ್ಯಾಂಗ್ಲಿ ಎಂದು ಹೆಸರಿಟ್ಟರು. ನಾಸಾದ ಒಂದು ದೊಡ್ಡ ಸಂಶೋಧನಾ ಕೇಂದ್ರಕ್ಕೂ ಅವರದೇ ಹೆಸರು. 5ನೇ ನಂಬರಿನ ಆ ಮಾದರಿ ಇಂದಿಗೂ ಸ್ಮಿತ್ಸೋನಿಯನ್ ಸಂಸ್ಥೆಯಲ್ಲಿ ಜೋಪಾನವಾಗಿದೆ. ಮಾದರಿ ವಿಮಾನ ಕಟ್ಟುವ ನಮ್ಮ ಗೆಳೆಯರು ಅವರಿಂದ ಎರಡು ಸಂಗತಿ ಕಲಿಯಬಹುದು. ಬಿದ್ದದ್ದನ್ನು ಎತ್ತಿ, ಒರೆಸಿ, ತಿದ್ದಿ ಮತ್ತೆ ಹಾರಿಸಬೇಕು. ಅದು ಹಾರಿದ ಮೇಲೆ, ದೊಡ್ಡದು ಕಟ್ಟುವ ಮುಂಚೆ, ಲೆಕ್ಕವನ್ನು ಮೊದಲಿನಿಂದ ಮತ್ತೆ ಹಾಕಬೇಕು.