ಸೋಲು ಗೊತ್ತಿದ್ದೂ ಲೆಕ್ಕ ಕೇಳಿದ ಆಚಾರ್ಯ ಕೃಪಲಾನಿ

1947ರಲ್ಲಿ ಸ್ವಾತಂತ್ರ್ಯ ಬಂದಾಗ ಕಾಂಗ್ರೆಸ್ಸಿನ ಅಧ್ಯಕ್ಷರು ಯಾರು ಅಂತ ಕೇಳಿದರೆ ನಾವೆಲ್ಲ ನೆಹರೂ ಅಂತೀವಿ. ಅಲ್ಲ, ಜೆ.ಬಿ. ಕೃಪಲಾನಿ! ಅವರ ಕಥೆ ನಾವೆಲ್ಲರೂ ತಿಳಿದುಕೊಳ್ಳಬೇಕಾದ್ದು.

ಕೃಪಲಾನಿ ಹುಟ್ಟಿದ್ದು 1888ರ ನವೆಂಬರ್ 11ರಂದು, ಸಿಂಧ್ ಪ್ರಾಂತ್ಯದ ಹೈದರಾಬಾದಿನಲ್ಲಿ. ಆ ಊರು ಈಗ ಪಾಕಿಸ್ತಾನದಲ್ಲಿದೆ. ಬಿಹಾರದ ಮುಜಫರಪುರದ ಕಾಲೇಜಿನಲ್ಲಿ ಮೇಷ್ಟ್ರಾಗಿದ್ದರು. 1917ರಲ್ಲಿ ಗಾಂಧೀಜಿ ಚಂಪಾರಣ್ಯದ ರೈತರ ಕಷ್ಟ ನೋಡಲು ಹೊರಟಾಗ ನಡುರಾತ್ರಿ ಆ ಊರಿನಲ್ಲಿ ರೈಲು ಇಳಿದರು. ಕೃಪಲಾನಿ ತಮ್ಮ ವಿದ್ಯಾರ್ಥಿಗಳನ್ನು ಕರಕೊಂಡು ಹೋಗಿ ಅವರನ್ನು ಎದುರುಗೊಂಡರು. ಆಮೇಲೆ ಗುಜರಾತ್ ವಿದ್ಯಾಪೀಠದ ಮುಖ್ಯಸ್ಥರಾದರು. ಅಲ್ಲಿಂದಲೇ ಅವರಿಗೆ 'ಆಚಾರ್ಯ' ಅನ್ನೋ ಹೆಸರು ಬಂತು. ಸ್ವಾತಂತ್ರ್ಯಕ್ಕಾಗಿ ಎಷ್ಟೋ ಸಲ ಜೈಲು ಕಂಡರು.

1951ರಲ್ಲಿ ಅವರು ಕಾಂಗ್ರೆಸ್ ಬಿಟ್ಟರು. ಲೋಕಸಭೆಯಲ್ಲಿ ವಿರೋಧ ಪಕ್ಷದ ಸಾಲಿನಲ್ಲಿ ಕುಳಿತು ಸರ್ಕಾರವನ್ನು ಪ್ರಶ್ನಿಸತೊಡಗಿದರು. 1954ರಲ್ಲಿ ಟಿಬೆಟ್ ವಿಷಯವಾಗಿ ಭಾರತ ಮತ್ತು ಚೀನಾ ಮಾಡಿಕೊಂಡ ಒಪ್ಪಂದ ಅವರಿಗೆ ಸರಿ ಕಾಣಲಿಲ್ಲ. 1961ರಲ್ಲಿ ರಕ್ಷಣಾ ಮಂತ್ರಿ ಕೃಷ್ಣ ಮೆನನ್ ಅವರ ಕೆಲಸವನ್ನು ಸಭೆಯಲ್ಲೇ ಕಟುವಾಗಿ ಟೀಕಿಸಿದರು. 1962ರ ಚುನಾವಣೆಯಲ್ಲಿ ಮುಂಬಯಿಯಲ್ಲಿ ಅದೇ ಮೆನನ್ ಎದುರು ನಿಂತು ಸೋತರು.

ಅದೇ ವರ್ಷ ಅಕ್ಟೋಬರ್ 20ರಂದು ಚೀನಾ ಗಡಿ ದಾಟಿ ಬಂತು. ಹಿಮದಲ್ಲಿ ಸರಿಯಾದ ಬಟ್ಟೆ, ಒಳ್ಳೆ ಬಂದೂಕು ಇಲ್ಲದೆ ನಮ್ಮ ಸೈನಿಕರು ಹೋರಾಡಿದರು. ಸಾವಿರಾರು ಜನ ಸತ್ತರು, ಸೆರೆ ಸಿಕ್ಕರು. ಮೆನನ್ ರಾಜೀನಾಮೆ ಕೊಡಬೇಕಾಯಿತು.

1963ರಲ್ಲಿ ಅಮ್ರೋಹಾದ ಉಪಚುನಾವಣೆ ಗೆದ್ದು ಕೃಪಲಾನಿ ಮತ್ತೆ ಲೋಕಸಭೆಗೆ ಬಂದರು. ಆಗಸ್ಟ್‌ನಲ್ಲಿ ನೆಹರೂ ಸರ್ಕಾರದ ಮೇಲೆ ಅವಿಶ್ವಾಸ ಗೊತ್ತುವಳಿ ತಂದರು. ಅಂದರೆ, ಈ ಸರ್ಕಾರದ ಮೇಲೆ ನಮಗೆ ನಂಬಿಕೆ ಇಲ್ಲ ಅಂತ ಹೇಳೋದು. ಅದು ಗೆದ್ದರೆ ಸರ್ಕಾರ ಇಳಿಯಲೇಬೇಕು. ಲೋಕಸಭೆಯಲ್ಲಿ ಅಂಥ ಗೊತ್ತುವಳಿ ಬಂದದ್ದು ಅದೇ ಮೊದಲು. ಗೆಲ್ಲೋದಿಲ್ಲ ಅಂತ ಕೃಪಲಾನಿಯವರಿಗೂ ಗೊತ್ತಿತ್ತು, ಎಲ್ಲರಿಗೂ ಗೊತ್ತಿತ್ತು. ಎದುರಿಗಿದ್ದ ನೆಹರೂ ಸ್ವಾತಂತ್ರ್ಯ ಹೋರಾಟದಲ್ಲಿ ಜೊತೆಗಿದ್ದ ಹಳೆಯ ಗೆಳೆಯರು. ಹೆಂಡತಿ ಸುಚೇತಾ ಕಾಂಗ್ರೆಸ್ಸಿನಲ್ಲೇ ಇದ್ದರು. ಅದೇ ಅಕ್ಟೋಬರ್‌ನಲ್ಲಿ ಆಕೆ ಉತ್ತರ ಪ್ರದೇಶದ ಮುಖ್ಯಮಂತ್ರಿಯೂ ಆದರು. ಆದರೂ ಕೃಪಲಾನಿ ಹಿಂಜರಿಯಲಿಲ್ಲ.

ನಾಲ್ಕು ದಿನ ಚರ್ಚೆ ನಡೆಯಿತು. ಚೀನಾ ನೀತಿ, ಸೈನ್ಯದ ಸಿದ್ಧತೆ, ಜನರ ಕಷ್ಟ ಎಲ್ಲವೂ ಸಭೆಯ ಮುಂದೆ ಬಂದವು. ನೆಹರೂ ಸ್ವತಃ ಎದ್ದು ಉತ್ತರ ಕೊಟ್ಟರು. ಕೊನೆಗೆ ಗೊತ್ತುವಳಿ ಪರವಾಗಿ 62 ಮತ, ವಿರುದ್ಧವಾಗಿ 347 ಮತ ಬಿದ್ದವು.

ಕೃಪಲಾನಿ ಸೋತರು ನಿಜ. ಆದರೆ ಯುದ್ಧದ ವಿಷಯ ದೊಡ್ಡವರಿಗೆ ಬಿಟ್ಟದ್ದು ಅಂತ ಸುಮ್ಮನಿರಬಾರದು, ಸೈನಿಕರ ಪ್ರಾಣದ ಲೆಕ್ಕವನ್ನೂ ಪ್ರಧಾನಿ ಜನರ ಸಭೆಗೆ ಒಪ್ಪಿಸಬೇಕು ಅನ್ನೋದು ಆ ನಾಲ್ಕು ದಿನದಲ್ಲಿ ದೇಶಕ್ಕೆಲ್ಲ ಗೊತ್ತಾಯಿತು.

ಆಚಾರ್ಯರು 1982ರ ಮಾರ್ಚ್ 19ರಂದು ತೀರಿಕೊಂಡರು. ಆಗ ಅವರಿಗೆ 93 ವರ್ಷ.

ಗೆಳೆಯರೇ, ಪ್ರಶ್ನೆ ಕೇಳುವವನು ದ್ರೋಹಿಯಲ್ಲ. ದೇಶ ತನ್ನದು ಅಂತ ತಿಳಿದವನೇ ಲೆಕ್ಕ ಕೇಳುತ್ತಾನೆ.