ಬಿ. ವಿ. ಕಾರಂತ

ಬಾಬುಕೋಡಿ ವೆಂಕಟರಮಣ ಕಾರಂತ (19 ಸೆಪ್ಟೆಂಬರ್ 1929 – 1 ಸೆಪ್ಟೆಂಬರ್ 2002) ಅವರು ಕನ್ನಡ ಮತ್ತು ಹಿಂದಿ ರಂಗಭೂಮಿಯ ಪ್ರಮುಖ ನಿರ್ದೇಶಕರು, ಚಲನಚಿತ್ರ ನಿರ್ದೇಶಕರು ಹಾಗೂ ಸಂಗೀತ ಸಂಯೋಜಕರು. ಕನ್ನಡದ ಹೊಸ ಅಲೆಯ ಚಿತ್ರಗಳ ಭಾವವನ್ನು ರೂಪಿಸುವಲ್ಲಿ ಅವರ ಹಿನ್ನೆಲೆ ಸಂಗೀತದ ಪಾತ್ರ ದೊಡ್ಡದು.

ಜನನ ಮತ್ತು ಶಿಕ್ಷಣ

ಕಾರಂತರು ದಕ್ಷಿಣ ಕನ್ನಡ ಜಿಲ್ಲೆಯ ಬಂಟ್ವಾಳ ತಾಲೂಕಿನ ಮಂಚಿ ಗ್ರಾಮದ ಬಾಬುಕೋಡಿಯಲ್ಲಿ ಜನಿಸಿದರು. ಬಾಲ್ಯದಲ್ಲಿಯೇ ಮನೆ ಬಿಟ್ಟು ಗುಬ್ಬಿ ವೀರಣ್ಣನವರ ನಾಟಕ ಕಂಪನಿಯನ್ನು ಸೇರಿದರು. ಅವರ ಪ್ರತಿಭೆಯನ್ನು ಗುರುತಿಸಿದ ವೀರಣ್ಣನವರು ಉನ್ನತ ವ್ಯಾಸಂಗಕ್ಕಾಗಿ ಅವರನ್ನು ಕಾಶಿಗೆ ಕಳುಹಿಸಿದರು. ಅಲ್ಲಿ ಹಿಂದಿ ಎಂ.ಎ. ಪದವಿಯ ಜೊತೆಗೆ ಪಂಡಿತ ಓಂಕಾರನಾಥ ಠಾಕೂರರಲ್ಲಿ ಹಿಂದೂಸ್ತಾನಿ ಸಂಗೀತವನ್ನು ಅಭ್ಯಾಸ ಮಾಡಿದರು. 1962ರಲ್ಲಿ ದೆಹಲಿಯ ರಾಷ್ಟ್ರೀಯ ನಾಟಕ ಶಾಲೆಯಿಂದ ಪದವಿ ಪಡೆದರು.

ರಂಗಭೂಮಿ

1970ರ ದಶಕದಲ್ಲಿ ಹಯವದನ, ಜೋಕುಮಾರಸ್ವಾಮಿ, ಸತ್ತವರ ನೆರಳು ಮೊದಲಾದ ನಾಟಕಗಳನ್ನು ನಿರ್ದೇಶಿಸಿದರು. ಕಂಪನಿ ನಾಟಕದ ಮಟ್ಟುಗಳು, ಯಕ್ಷಗಾನ ಮತ್ತು ಜಾನಪದ ವಾದ್ಯಗಳೊಡನೆ ದಿನಬಳಕೆಯ ವಸ್ತುಗಳ ಸದ್ದನ್ನೂ ಸಂಗೀತವಾಗಿ ಬಳಸಿದ್ದು ಅವರ ವೈಶಿಷ್ಟ್ಯ. 1977ರಲ್ಲಿ ರಾಷ್ಟ್ರೀಯ ನಾಟಕ ಶಾಲೆಯ ನಿರ್ದೇಶಕರಾದರು. ಬಳಿಕ ಭೋಪಾಲದ ಭಾರತ ಭವನದ ರಂಗಮಂಡಲವನ್ನು ಮುನ್ನಡೆಸಿದರು. 1989ರಲ್ಲಿ ಮೈಸೂರಿನಲ್ಲಿ ಆರಂಭವಾದ ರಂಗಾಯಣದ ಸ್ಥಾಪಕ ನಿರ್ದೇಶಕರು ಅವರೇ. ಸಾಗರ ತಾಲೂಕಿನ ಹೆಗ್ಗೋಡಿನ ನೀನಾಸಂ ಸಂಸ್ಥೆಯೊಂದಿಗೂ ಅವರಿಗೆ ನಿಕಟ ಬಾಂಧವ್ಯವಿತ್ತು.

ಚಲನಚಿತ್ರ ಸಂಗೀತ

ಗಿರೀಶ ಕಾರ್ನಾಡರೊಡನೆ ನಿರ್ದೇಶಿಸಿದ ವಂಶವೃಕ್ಷ (1971) ಚಿತ್ರಕ್ಕೆ ಅತ್ಯುತ್ತಮ ನಿರ್ದೇಶನದ ರಾಷ್ಟ್ರಪ್ರಶಸ್ತಿ ದೊರೆಯಿತು. ಶಿವರಾಮ ಕಾರಂತರ ಕಾದಂಬರಿಯನ್ನು ಆಧರಿಸಿದ ಚೋಮನ ದುಡಿ (1975) ಚಿತ್ರದಲ್ಲಿ ನಿರ್ದೇಶನ ಮತ್ತು ಸಂಗೀತ ಎರಡೂ ಅವರದೇ. ಸ್ವಂತ ಬೇಸಾಯದ ಹಕ್ಕಿಲ್ಲದ ಜೀತದಾಳು ಚೋಮನು ಮಾತಿನಲ್ಲಿ ಹೇಳಲಾರದ ಸಿಟ್ಟನ್ನೂ ದುಃಖವನ್ನೂ ದುಡಿಯ ಬಡಿತದಲ್ಲಿ ಹೊರಹಾಕುತ್ತಾನೆ. ಹೀಗೆ ಕಥೆಯೊಳಗಿನ ವಾದ್ಯವೇ ಚಿತ್ರದ ಸಂಗೀತವೂ ಆಗುತ್ತದೆ.

ಋಷ್ಯಶೃಂಗ (1976) ಮತ್ತು ಘಟಶ್ರಾದ್ಧ (1977) ಚಿತ್ರಗಳಿಗಾಗಿ ಕಾರಂತರು ಸತತ ಎರಡು ವರ್ಷ ಅತ್ಯುತ್ತಮ ಸಂಗೀತ ನಿರ್ದೇಶನದ ರಾಷ್ಟ್ರಪ್ರಶಸ್ತಿಯನ್ನು ಪಡೆದರು. ಘಟಶ್ರಾದ್ಧದ ಕಥೆಗಾರ ಯು. ಆರ್. ಅನಂತಮೂರ್ತಿ ಮತ್ತು ನಿರ್ದೇಶಕ ಗಿರೀಶ ಕಾಸರವಳ್ಳಿ ಇಬ್ಬರೂ ತೀರ್ಥಹಳ್ಳಿ ತಾಲೂಕಿನವರು. ಮಲೆನಾಡಿನ ಅಗ್ರಹಾರವೊಂದರ ವೇದಪಾಠಶಾಲೆಯಲ್ಲಿ ನಡೆಯುವ ಈ ಕಥೆಯಲ್ಲಿ, ಗರ್ಭಿಣಿಯಾದ ವಿಧವೆ ಯಮುನೆಯನ್ನು ಬದುಕಿರುವಾಗಲೇ ಶ್ರಾದ್ಧ ಮಾಡಿ ಬಹಿಷ್ಕರಿಸಲಾಗುತ್ತದೆ. ಎಲ್ಲವನ್ನೂ ನೋಡುವವನು ನಾಣಿ ಎಂಬ ಬಾಲಕ. ಅವನಿಗೆ ಭಯವಾಗುತ್ತದೆ, ಆದರೆ ಕಾರಣ ಪೂರ್ತಿ ತಿಳಿಯದು. ಚಿತ್ರದಲ್ಲಿ ಹಾಡುಗಳಿಲ್ಲ. ಕಣ್ಣೀರು ತರಿಸುವ ವಾದ್ಯಮೇಳದ ಬದಲು ಮಿತವಾದ ನಾದ ಮತ್ತು ಮೌನವೇ ಆ ಭಯವನ್ನು ಪ್ರೇಕ್ಷಕರಿಗೆ ಮುಟ್ಟಿಸುತ್ತವೆ. ಯಮುನೆಯ ಬಗ್ಗೆ ಮರುಕಪಡಿರೆಂದು ಸಂಗೀತವು ಒತ್ತಾಯಿಸದ ಕಾರಣ, ಸಮುದಾಯದ ಕ್ರೌರ್ಯವು ಮರೆಯಿಲ್ಲದೆ ಕಾಣುತ್ತದೆ.

ಕಾರ್ನಾಡರ ಕಾಡು (1973), ಮೃಣಾಲ್ ಸೇನರ ಬಂಗಾಳಿ ಚಿತ್ರಗಳಾದ ಏಕ್ ದಿನ್ ಪ್ರತಿದಿನ್ (1979) ಮತ್ತು ಖಾರಿಜ್ (1982), ಪತ್ನಿ ಪ್ರೇಮಾ ಕಾರಂತರ ಫಣಿಯಮ್ಮ ಚಿತ್ರಗಳಿಗೂ ಸಂಗೀತ ಒದಗಿಸಿದರು.

ಗೌರವ ಮತ್ತು ನಿಧನ

1976ರಲ್ಲಿ ಸಂಗೀತ ನಾಟಕ ಅಕಾಡೆಮಿ ಪ್ರಶಸ್ತಿ ಹಾಗೂ 1981ರಲ್ಲಿ ಪದ್ಮಶ್ರೀ ಗೌರವ ಅವರಿಗೆ ಸಂದವು. ಇಲ್ಲಿರಲಾರೆ ಅಲ್ಲಿಗೆ ಹೋಗಲಾರೆ ಅವರ ಆತ್ಮಕಥೆ. ಅದನ್ನು ನಿರೂಪಿಸಿದವರು ಲೇಖಕಿ ವೈದೇಹಿ. ಕಾರಂತರು 2002ರ ಸೆಪ್ಟೆಂಬರ್ 1ರಂದು ಬೆಂಗಳೂರಿನಲ್ಲಿ ನಿಧನರಾದರು.